ನೀರಲ್ಲಿ ಕರಗಿ ತಲೆಮರೆಸಿಕೊಂಡಿರುವ ಉಪ್ಪಣ್ಣನವರಿಗೆ

ಶ್ರೀಮಾನ್ ಉಪ್ಪಣ್ಣನವರಿಗೆ, ಗುಂಡ್ಲುಪೇಟೆ ತಾಲ್ಲೂಕಿನ ಕೆರೆ ಬಯಲಿನ ಬೇಸಾಯಗಾರನೊಬ್ಬ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಹೊಳೆ ನೀರಿನ ಜೊತೆ ತಾವು ಇನ್ನೂ ಸಪರಿವಾರ ದಯಮಾಡಿಸಿಲ್ಲವಾದ್ದರಿಂದ ಈ ಕ್ಷೇಮ.

ನಮ್ಮದು ಹಳೆಯ ನಂಟು. ಹಿಂದೆ ಉಪ್ಪಾರರು ಚೌಳು ಮಣ್ಣನ್ನು ನೀರಲ್ಲಿ ಕದಡಿ, ತಿಳಿ ಬಸಿದು, ಬಿಸಿಲಿಗೆ ಒಣಗಿಸಿ ತಮ್ಮನ್ನು ಹೊರಗೆಳೆಯುತ್ತಿದ್ದರು. ಯಳಂದೂರಿನ ಕಡೆ ಉಪ್ಪಿನಮೋಳೆ ಎಂಬ ಊರೇ ಇದೆ. ತಮ್ಮನ್ನು ಮಣ್ಣಿನಿಂದ ತೆಗೆಯುವುದು ಆಗ ಕಸುಬು, ಮಣ್ಣಿಗೆ ಬಿಡುವುದು ಈಗ ಅಭಿವೃದ್ಧಿ.

ದಿಂಬಂ ಘಾಟಿ ಇಳಿದರೆ ಸತ್ಯಮಂಗಲ, ಅದರಾಚೆ ತಮ್ಮ ಕೀರ್ತಿ ಹಬ್ಬಿದ ತಿರುಪ್ಪೂರು. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಲು ತಾವು ಬೇಕು. ಹಿಡಿದ ಮೇಲೆ ಬನಿಯನ್ ವಿದೇಶಕ್ಕೆ, ತಾವು ನೊಯ್ಯಲ್ ನದಿಗೆ. ನೀರಾವರಿಗೆಂದೇ 1992ರಲ್ಲಿ ಮುಗಿದ ಒರತ್ತುಪಾಳಯಂ ಅಣೆಕಟ್ಟೆ ತಮ್ಮ ಉಪ್ಪಿನಕಾಯಿ ಜಾಡಿಯಾಯಿತು. ನೀರು ಬೇಕೆಂದು ಜಗಳವಾಡುವುದು ಕಾವೇರಿ ಸೀಮೆಯವರ ಹುಟ್ಟುಗುಣ. ಕಟ್ಟೆ ತುಂಬಿದ್ದರೂ ಆ ನೀರು ಬೇಡವೆನಿಸಿದ್ದು ತಮ್ಮೊಬ್ಬರ ಸಾಧನೆ. ಉಪ್ಪು ತಿಂದವರು ನೀರು ಕುಡಿಯಬೇಕಂತೆ. ಅಲ್ಲಿ ತಿಂದವರು ಯಾರೋ, ಕುಡಿದದ್ದು ಕೆಳಗಿನ ಹೊಲ. ಅಚ್ಚುಕಟ್ಟಿನ ರೈತರು ಕೋರ್ಟಿಗೆ ಅಲೆದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಹನಿ ನೀರೂ ಹೊರಗೆ ಬಿಡದೆ, ಸೋಸಿ, ಕಾಯಿಸಿ, ತಮ್ಮನ್ನು ಹರಳಾಗಿ ಹಿಡಿದಿಡಬೇಕೆಂಬ ಷರತ್ತು ಬಿತ್ತು. ಅಷ್ಟರಲ್ಲಿ ಅಣೆಕಟ್ಟೆ ಮುಗಿದು ಹತ್ತೊಂಬತ್ತು ವರ್ಷ ಕಳೆದಿತ್ತು.

ತಮ್ಮ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ. ಕೊಳೆ ಹೊಳೆಗೆ ಬಿದ್ದರೆ ನಾರುತ್ತದೆ, ಮೀನು ಸಾಯುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ತಮಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ 351 ಕಲುಷಿತ ನದೀಪಾತ್ರಗಳಲ್ಲಿ ನಂಜನಗೂಡಿನ ಕಬಿನಿಯೂ ಇತ್ತು. ಏತದಲ್ಲಿ ಹತ್ತಿ ನಮ್ಮ ಕೆರೆಗಳಿಗೆ ಬರುವುದು ಅದೇ ಕಬಿನಿ. ಆದರೆ ಆ ಪಟ್ಟಿ ಅಳೆದದ್ದು ಬಿಒಡಿಯನ್ನು, ಅಂದರೆ ನೀರಿನ ಆಮ್ಲಜನಕವನ್ನು ಕೊಳೆ ಎಷ್ಟು ತಿನ್ನುತ್ತದೆ ಎಂಬುದನ್ನು. ತಾವು ಕೊಳೆಯುವ ಪೈಕಿಯಲ್ಲ, ಹಾಗಾಗಿ ಹಾಜರಿ ಪುಸ್ತಕದಲ್ಲೇ ಇಲ್ಲ. ಕೊಳಚೆ ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳೂ ತಮ್ಮನ್ನು ಮುಟ್ಟುವುದಿಲ್ಲ. ಒಳಗೆ ಹೋದಷ್ಟೇ ಹೊರಗೆ, ರಾಜಮರ್ಯಾದೆಯಿಂದ.

ಹೊಲದಲ್ಲೂ ಅಷ್ಟೇ. ನೀರನ್ನು ಬೆಳೆ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ, ತಾವು ಉಳಿಯುತ್ತೀರಿ. ಲೀಟರಿಗೆ ಅರ್ಧ ಗ್ರಾಂ ಕರಗಿದ್ದರೆ ನಾಲಿಗೆಗೆ ಅಷ್ಟಾಗಿ ತಿಳಿಯದು. ಆ ನೀರನ್ನು ಎಕರೆಗೆ ಒಂದು ಅಂಗುಲ ಕಟ್ಟಿದರೆ ಸುಮಾರು 50 ಕೆಜಿ, ಅಂದರೆ ಒಂದು ಮೂಟೆ ಉಪ್ಪು ಸುರಿದ ಹಾಗೆ. ಯೂರಿಯಾ ಮೂಟೆಗೆ ಸಾಲುಗಟ್ಟಿ ನಿಲ್ಲಬೇಕು, ತಾವು ಮನೆ ಬಾಗಿಲಿಗೇ ಬರುತ್ತೀರಿ! ತಾವು ಹೆಚ್ಚಿದಷ್ಟೂ ನೀರಿನ ವಿದ್ಯುತ್ ವಾಹಕತೆ ಹೆಚ್ಚುತ್ತದೆ. ನೀರಾವರಿ ನೀರಿನಲ್ಲಿ ಅದಕ್ಕೆ ಮಂಡಳಿ ಇಟ್ಟ ಮಿತಿ ಸೆಂಟಿಮೀಟರಿಗೆ 2250 ಮೈಕ್ರೊಮೋ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 700 ದಾಟಿದರೇ ಹುಷಾರು ಎನ್ನುತ್ತದೆ. ನಮ್ಮ ಸಾಂಬಾರ್ ಈರುಳ್ಳಿಗೆ ಮಂಡಳಿಯ ಸುತ್ತೋಲೆ ಇನ್ನೂ ತಲುಪಿಲ್ಲ, ಬಾಳೆಗಂತೂ ಓದಲು ಬಾರದು. ಎಲೆಯಂಚು ಸುಟ್ಟುಕೊಂಡು ನಿಲ್ಲುವುದಷ್ಟೇ ಅದಕ್ಕೆ ಗೊತ್ತು.

ನಮ್ಮ ಜಿಲ್ಲೆಯ ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲೂ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ ಬರಲಿ, ನಮ್ಮ ಹುಡುಗರಿಗೆ ಕೆಲಸ ಬೇಕು. ತಾವು ಮಾತ್ರ ಗೇಟಿನೊಳಗೇ ಹರಳಾಗಿ ಇರಿ.

ಈ ಪತ್ರವನ್ನು ಅಧಿಕಾರಿಗಳು ಕದ್ದು ಓದುತ್ತಿದ್ದರೆ ಅವರಲ್ಲೊಂದು ಅರಿಕೆ. ಕೆರೆಗೆ ಬಾಗಿನ ಬಿಡುವ ಮೊದಲು ವಾಹಕತೆ ಅಳೆಯುವ ಕಡ್ಡಿಯನ್ನೊಮ್ಮೆ ನೀರಿಗೆ ಅದ್ದಿ, ಬಂದ ಅಂಕಿಯನ್ನು ಏರಿಯ ಮೇಲೆ ಬೋರ್ಡು ಬರೆಸಿ ನಿಲ್ಲಿಸಿ. ಶಾಸಕರ ಹೆಸರಿನ ಕೆಳಗೆ ಜಾಗ ಇರುತ್ತದೆ.

ಇಂತಿ,
ಸಾರಿಗೆ ಹಾಕುವಷ್ಟು ಮಾತ್ರ ತಮ್ಮವನಾದ,
ಒಬ್ಬ ರೈತ