ನೂರಕ್ಕೆ ನೂರೇ ಬೇಕೆನ್ನುವ ಮಹನೀಯರಿಗೆ

ಗೆ,
ಎಲೆಕ್ಟ್ರಿಕ್ ಕಾರಿನ ಯಜಮಾನರು,
ಹೆದ್ದಾರಿ ಹೋಟೆಲಿನ ಎ.ಸಿ. ಹಾಲ್, ಕೃಷ್ಣಗಿರಿ

ಮಾನ್ಯರೇ,

ಹೊಸೂರಿನ ಕನ್ನಡಿಗನೊಬ್ಬನ ನಮಸ್ಕಾರಗಳು. ನಮ್ಮ ಜಿಲ್ಲೆಗೆ ದಯಮಾಡಿಸಿದ್ದೀರಿ, ಸಂತೋಷ. ಬೆಂಗಳೂರಿನ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿಕೊಂಡೇ ಹೊರಟವರು ತಾವು. ಇಲ್ಲಿಗೆ ಹೆಚ್ಚೆಂದರೆ ತೊಂಬತ್ತು ಕಿಲೋಮೀಟರ್. ಅದರಲ್ಲೂ ಶೂಲಗಿರಿ ದಾಟಿದರೆ ಇಳಿಜಾರು. ಪೆಡಲ್‌ನಿಂದ ಕಾಲು ತೆಗೆದರೆ ಕಾರೇ ಒಂದಿಷ್ಟು ಕರೆಂಟು ವಾಪಸ್ ಸಂಪಾದಿಸುತ್ತದೆ. ಆದರೂ ಮೀಟರಿನಲ್ಲಿ 68 ಪರ್ಸೆಂಟ್ ಕಂಡೊಡನೆ ತಮ್ಮ ಎದೆ ಡವಗುಟ್ಟಿತು. ಚಾರ್ಜಿಂಗ್ ಗನ್ ಸಿಕ್ಕಿಸಿ, ಒಳಗೆ ಹೋಗಿ ಗೀ ರೋಸ್ಟ್‌ಗೆ ಆರ್ಡರ್ ಕೊಟ್ಟಿರಿ.

ಗೀ ರೋಸ್ಟ್ ಆಯಿತು, ಕಾಫಿ ಆಯಿತು, ಎರಡನೇ ಕಾಫಿಯೂ ಆಯಿತು. ಯಂತ್ರದ ಪರದೆಯಲ್ಲಿ ಈಗ 97. ಮೊದಲು ಐವತ್ತು ಕಿಲೋವಾಟ್‌ನಲ್ಲಿ ಧುಮುಕುತ್ತಿದ್ದ ಕರೆಂಟು ಐದಕ್ಕೆ ಇಳಿದು ತೊಟ್ಟಿಕ್ಕುತ್ತಿದೆ. ತಮ್ಮ ಮನೆಗೋಡೆಯ 7.2 ಕಿಲೋವಾಟ್ ಪೆಟ್ಟಿಗೆಯೇ ಇದಕ್ಕಿಂತ ವಾಸಿ! ಅಲ್ಲಿ ಮನೆ ದರ; ಇಲ್ಲಿ ದುಬಾರಿ ದರ, ಮೇಲೆ ಶೇ. 18 ಜಿ.ಎಸ್.ಟಿ.

ತಪ್ಪು ಯಂತ್ರದ್ದಲ್ಲ. ಬ್ಯಾಟರಿ 80 ದಾಟಿದ ಮೇಲೆ ಸೆಲ್‌ಗಳು ಕೆಡದಿರಲೆಂದು ಕಾರೇ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಮಗ 97 ತಂದರೆ "ಉಳಿದ ಮೂರು ಎಲ್ಲಿ ಹೋಯಿತೋ?" ಎಂದು ಗದರುವ ಅಪ್ಪಂದಿರ ನಾಡು ನಮ್ಮದು. ಆ ಮೂರಕ್ಕಾಗಿ ಮಗನ ನಿದ್ದೆ ಕೆಟ್ಟಂತೆ ಇಲ್ಲಿ ಊರವರ ಟೈಮ್ ಕೆಡುತ್ತದೆ, ಅಷ್ಟೇ. ತೊಪ್ಪೂರು ಘಾಟಿ ಹತ್ತಿ, 9 ಪರ್ಸೆಂಟಿನಲ್ಲಿ ಏದುಸಿರು ಬಿಡುತ್ತ ಬಂದ ಮಧುರೆಯ ಸಂಸಾರವೊಂದು ಎ.ಸಿ. ಆರಿಸಿಕೊಂಡು ತಮ್ಮ ಕಾರಿನ ಹಿಂದೆ ನಿಂತಿದೆ. ಮಗುವಿಗೆ ಅಜ್ಜಿ ಟೋಲ್ ರಸೀದಿಯಿಂದ ಗಾಳಿ ಹಾಕುತ್ತಿದ್ದಾರೆ. ತಾವು ಗಾಬರಿಯಾಗಬೇಡಿ, ಆರಾಮಾಗಿ ಕೂತಿರಿ.

ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಹೇಳಿತ್ತು. ಎಷ್ಟು ಬಂದರೇನು, ಒಂದೊಂದರಲ್ಲೂ ತಮ್ಮಂಥ ಸಾಧಕರೊಬ್ಬರು ತಳವೂರಿದರೆ? ನಮ್ಮ ಸ್ಕೂಟರುಗಳನ್ನಾದರೂ ನೋಡಿ: ಹೊಸೂರು ಟಿ.ವಿ.ಎಸ್., ಏಥರ್ ಸ್ಕೂಟರುಗಳ ತವರು. ಪೋಚಂಪಳ್ಳಿಯಲ್ಲಿ ಓಲಾದ ಕಾರ್ಖಾನೆ ಇದೆ. ಆ ಬಡಪಾಯಿ ಸ್ಕೂಟರುಗಳು ರಾತ್ರಿ ಮನೆಯ ಪ್ಲಗ್ಗಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಬೆಳಿಗ್ಗೆ ಕೆಲಸಕ್ಕೆ ಹೊರಡುತ್ತವೆ. ಯಾರ ದಾರಿಗೂ ಅಡ್ಡ ಬರುವುದಿಲ್ಲ. ಅವಕ್ಕೆ ಮಹತ್ವಾಕಾಂಕ್ಷೆ ಕಡಿಮೆ.

ತಾವು ಹೊರಟಿರುವ ಚೆನ್ನೈಗೆ ಇನ್ನು ಇನ್ನೂರೈವತ್ತು ಕಿಲೋಮೀಟರ್ ಚಿಲ್ಲರೆ. 80ಕ್ಕೆ ಎದ್ದಿದ್ದರೆ ವೆಲ್ಲೂರಿನಲ್ಲಿ ಇನ್ನೊಮ್ಮೆ ಹಾಕಿಕೊಂಡು ಆರಾಮಾಗಿ ತಲುಪಬಹುದಿತ್ತು. ಅಂಥ ಸಣ್ಣ ಲೆಕ್ಕ ನಮ್ಮಂಥವರಿಗಿರಲಿ. ತಾವು ನೂರು ಮುಟ್ಟಿದ ಗಳಿಗೆಗೆ ಶಾಲು, ಪೇಟ, ಒಂದು ಬುಟ್ಟಿ ಕೃಷ್ಣಗಿರಿ ಮಾವು ಸಿದ್ಧವಾಗಿವೆ. ಸನ್ಮಾನ ಪತ್ರ ಓದುವವರು ಮಧುರೆಯ ಅಜ್ಜಿ.

ಇತಿ,
ಸರತಿಯಲ್ಲಿ ಮೂರನೆಯವ

ವಿ.ಸೂ.: ನೂರಾದ ಮೇಲೆ ಗನ್ ಕೀಳುವ ಪದ್ಧತಿಯೂ ಇದೆ.