ಏರಿದ ಬಿಸಿ ಇಳಿಯೋದು ನಿಧಾನ, ಗೌಡ್ರೇ

ಗೌಡ್ರೇ, ಈ ಸೆರಾಮಿಕ್ ಗ್ರಿಲ್ ಮುಚ್ಚಳಕ್ಕೆ ಕೈ ಹಾಕ್ಬೇಡಿ. ಹಾಗೇ ಬಿಡಿ. ಬಿಸಿ ತೋರಿಸೋ ಮುಳ್ಳು 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೋಗಿದೆ, ನಿಮಗೆ ಬೇಕಾಗಿದ್ದು 250, ಅಷ್ಟೇ ತಾನೇ? ಮುಚ್ಚಳ ತೆಗೆದ್ರೆ ಬಿಸಿಯೆಲ್ಲ ಆಚೆ ಹೋಗುತ್ತೆ ಅಂತ ಯಾರಿಗಾದ್ರೂ ಅನ್ಸುತ್ತೆ. ಒಂದು ಗಳಿಗೆ ಮುಳ್ಳು ಇಳಿಯೋದೂ ನಿಜ. ಆದ್ರೆ ಅಷ್ಟರಲ್ಲಿ ಕೆಂಡಕ್ಕೆ ಗಾಳಿ ಸಿಕ್ಕಿ, ಪಕ್ಕದಲ್ಲಿ ಸುಮ್ಮನೆ ಕಪ್ಪಗೆ ಕೂತಿದ್ದ ಇದ್ದಿಲೂ ಹತ್ಕೊಳ್ಳುತ್ತೆ. ಮುಚ್ಚಿದ ಮೇಲೆ ನೋಡಿ, ಮೊದಲಿಗಿಂತ ಜಾಸ್ತಿಯೇ ಏರಿರುತ್ತೆ.

ಊರಲ್ಲಿ ಬಚ್ಚಲುಮನೆ ಹಂಡೆ ಒಲೆ ಇತ್ತಲ್ಲ, ನೀರು ಜಾಸ್ತಿ ಕಾದ್ರೆ ಎರಡು ಸೌದೆ ಆಚೆ ಎಳೆದ್ರೆ ಮುಗೀತು. ಇಲ್ಲಿ ಎಳೆಯೋಕೆ ಏನೂ ಇಲ್ಲ. ಸುರಿದ ಇದ್ದಿಲು ಸುರಿದಂಗೇ ಇರುತ್ತೆ, ನಿಮ್ಮ ಕೈಲಿರೋದು ಗಾಳಿ ಒಂದೇ. ಕೆಳಗಿನ ಬಾಗಿಲಲ್ಲಿ ಒಳಗೆ ಬರುತ್ತೆ, ಮೇಲಿನ ಕಿಂಡಿಯಲ್ಲಿ ಹೋಗುತ್ತೆ. ಎಷ್ಟು ಗಾಳಿ ಹಾಯುತ್ತೋ ಅಷ್ಟೇ ಬೆಂಕಿ.

ಈಗ ಬಗ್ಗಿ ಕೆಳಗಿನ ಬಾಗಿಲು ಸರಿಸಿ. ಇನ್ನೂ. ಇನ್ನೂ ಸ್ವಲ್ಪ. ಒಂದು ಪೆನ್ಸಿಲ್ ತೂರೋದೂ ಕಷ್ಟ ಅನ್ನೋ ಸಂದು ಉಳಿದ್ರೆ ಸಾಕು. ಮೇಲಿನದರಲ್ಲಿ ದೊಡ್ಡ ಬಾಯಿ ಮುಚ್ಚಿ, ಸಣ್ಣ ತೂತುಗಳನ್ನ ಮಾತ್ರ ಅರೆಬರೆ ತೆರೆದಿಡಿ. ಪೂರ್ತಿ ಮಾತ್ರ ಮುಚ್ಚಬೇಡಿ. ಪೂರ್ತಿ ಮುಚ್ಚಿದ್ರೆ ಕೆಂಡ ಉಸಿರುಗಟ್ಟಿ ಬೆಳ್ಳಗೆ ಕಹಿ ಹೊಗೆ ಬರುತ್ತೆ, ಆ ವಾಸನೆ ಮಟನ್‌ಗೆ ಹಿಡಿದ್ರೆ ಬಿಡಲ್ಲ. ಇನ್ನೊಂದು ಅಪಾಯವೂ ಇದೆ. ಹಸಿದ ಬೆಂಕಿಗೆ ದಿಢೀರಂತ ಮುಚ್ಚಳ ತೆಗೆದ್ರೆ ಗಾಳಿ ಒಳನುಗ್ಗಿ ಜ್ವಾಲೆ ಬುಸ್ಸಂತ ಮುಖಕ್ಕೇ ಬರುತ್ತೆ. ಹುಬ್ಬು, ಮುಂಗೈ ಕೂದಲು ಸುಟ್ಕೊಂಡವರು ಎಷ್ಟೋ ಜನ. ತೆಗೀಲೇಬೇಕು ಅಂದ್ರೆ ಮೊದಲು ಎರಡು ಬೆರಳಷ್ಟು ಎತ್ತಿ, ಕೆಲವು ಸೆಕೆಂಡು ಹಾಗೇ ಹಿಡಿದು, ಆಮೇಲೆ ನಿಧಾನಕ್ಕೆ ಪೂರ್ತಿ ತೆಗೀರಿ. ಮಕ್ಕಳು ಹತ್ರ ಇರಕೂಡದು.

ಸರಿಸಿದ್ರಾ? ಈಗ ಕಾಲು ಗಂಟೆ ಅದರ ತಂಟೆಗೆ ಹೋಗ್ಬೇಡಿ. ಎಲ್ಲರೂ ಎಡವೋದು ಇಲ್ಲೇ. ಐದು ನಿಮಿಷಕ್ಕೆ ಇಳೀಲಿಲ್ಲ ಅಂತ ಇನ್ನಷ್ಟು ಮುಚ್ತಾರೆ, ಆಮೇಲೆ ಬೆಂಕಿಯೇ ಆರಿಹೋಗುತ್ತೆ. ನೀರು ಚಿಮುಕಿಸೋ ಯೋಚನೆ ಬೇಡವೇ ಬೇಡ. ಒಳಗಿನ ಕಾದ ಸೆರಾಮಿಕ್‌ಗೆ ತಣ್ಣೀರು ಬಿದ್ರೆ ಬಿರುಕು ಬಿಡಬಹುದು.

ಯಾಕಿಷ್ಟು ನಿಧಾನ ಅಂದ್ರೆ, ಮುಳ್ಳು ತೋರಿಸೋದು ಒಳಗಿನ ಗಾಳಿಯ ಬಿಸಿ. ಅಸಲು ಬಿಸಿ ಕೂತಿರೋದು ಗೋಡೆಯಲ್ಲಿ. ಇಷ್ಟು ದೊಡ್ಡದು 70 ಕಿಲೋ ಮೇಲೆ ತೂಗುತ್ತೆ ಗೌಡ್ರೇ, ಅಷ್ಟೂ ಕಾದಿದೆ. ಬೆಂಕಿ ಸಣ್ಣ ಆದ್ರೂ ಗೋಡೆ ಬಿಸಿ ಕೊಡ್ತಾನೇ ಇರುತ್ತೆ. 100 ಡಿಗ್ರಿ ಇಳಿಯೋಕೆ ಒಂದು ಗಂಟೆ ಹಿಡಿದ್ರೂ ಆಶ್ಚರ್ಯ ಇಲ್ಲ. ಅದನ್ನ ದೋಷ ಅನ್ಬೇಡಿ, ಇದಕ್ಕೆ ಬೆಲೆ ಇರೋದೇ ಆ ಗುಣಕ್ಕೆ. ಒಂದ್ಸಲ 250ಕ್ಕೆ ನಿಂತ್ರೆ ಒಂದು ಬುಟ್ಟಿ ಇದ್ದಿಲಲ್ಲಿ ರಾತ್ರಿಯೆಲ್ಲ ನಿಲ್ಲುತ್ತೆ. ತಗಡಿನ ಗ್ರಿಲ್ ಅಷ್ಟು ಹೊತ್ತು ನಿಲ್ಲಲ್ಲ.

ಇಂಥ ಗ್ರಿಲ್‌ನ ಮೂಲ ಜಪಾನು, ಅಲ್ಲಿ ಇಂಥ ಮಣ್ಣಿನ ಒಲೆಯಲ್ಲಿ ಅನ್ನ ಬೇಯಿಸ್ತಿದ್ರು. ಎರಡನೇ ಮಹಾಯುದ್ಧ ಆದ್ಮೇಲೆ ಅಲ್ಲಿದ್ದ ಅಮೆರಿಕದ ಸೈನಿಕರು ಮನೆಗೆ ತಂದ್ರು. ಎಡ್ ಫಿಷರ್ ಅನ್ನೋರು 1974ರಲ್ಲಿ ಇಂಥವನ್ನೇ ಮಾರೋ ‘ಬಿಗ್ ಗ್ರೀನ್ ಎಗ್’ ಕಂಪನಿ ಶುರು ಮಾಡಿದ್ದು ನಮ್ಮ ಇದೇ ಅಟ್ಲಾಂಟಾದಲ್ಲಿ. ಮೊದಮೊದಲು ಬರೀ ಮಣ್ಣಿನವು, ಸೀಳು ಬಿಡ್ತಿದ್ವು. ಆಮೇಲೆ ಗಟ್ಟಿ ಸೆರಾಮಿಕ್ ಬಂತು.

ಮಟನ್ ಬಗ್ಗೆ ಚಿಂತೆ ಬೇಡ. 350ರಲ್ಲೂ ಕುರಿ ತೊಡೆ ಚೆನ್ನಾಗೇ ಬೇಯುತ್ತೆ. ಮಸಾಲೆಗೆ ಬೆಲ್ಲ ಹಾಕಿದ್ರೆ ಮಾತ್ರ ಮೇಲೆ ಕರಕಲಾಗುತ್ತೆ, ಹಾಕಿಲ್ಲ ತಾನೇ? ನನ್ನ ಕೇಳಿದ್ರೆ 275ಕ್ಕೆ ಬಂದು ನಿಂತ್ರೆ ಅಲ್ಲಿಗೇ ಬಿಟ್ಬಿಡಿ. 25 ಡಿಗ್ರಿ ಆಚೆ ಈಚೆ ಆದ್ರೆ ತೊಡೆಗೇನೂ ಗೊತ್ತಾಗಲ್ಲ. ಅಕ್ಕಾವ್ರಿಗೆ ಹೇಳಿ, ಅನ್ನಕ್ಕೆ ಈಗಲೇ ಇಡೋದು ಬೇಡ.

ಮುಂದಿನ ಸಲ ಏರೋವಾಗಲೇ ಹಿಡೀರಿ. ಇಳಿಸೋದಕ್ಕಿಂತ ಅದು ನೂರು ಪಾಲು ಸುಲಭ. ನೀವಿವತ್ತು ಮೂರು ಕಡೆ ಕಿಚ್ಚು ಹಚ್ಚಿದ್ರಿ, ಬೇಲಿ ಈ ಕಡೆಯಿಂದಲೇ ಕಂಡೆ. ನಿಧಾನ ಅಡುಗೆಗೆ ನಡುಮಧ್ಯೆ ಒಂದೇ ಕಡೆ ಹಚ್ಚಿ. ಮುಳ್ಳು 200 ಮುಟ್ಟುತ್ತಿದ್ದ ಹಾಗೆ ಕೆಳಗಿಂದೂ ಮೇಲಿಂದೂ ಕಮ್ಮಿ ಮಾಡ್ತಾ ಬನ್ನಿ, ಮಿಕ್ಕ 50 ಡಿಗ್ರಿ ಅದಾಗೇ ಏರಲಿ. ಆ ಮುಕ್ಕಾಲಿ ಕಲ್ಲಿನ ತಟ್ಟೆ ಕೊಟ್ಟಿದ್ದಾರಲ್ಲ, ಅದನ್ನ ಕೆಂಡಕ್ಕೂ ಮಾಂಸಕ್ಕೂ ನಡುವೆ ಮೊದಲೇ ಇಡಿ. ಉರಿ ನೇರ ತಾಗಲ್ಲ, ಕೊಬ್ಬು ಸುರಿದು ಕೆಂಡ ಭಗ್ಗನೆ ಹತ್ತೋದೂ ತಪ್ಪುತ್ತೆ.

ಮುಳ್ಳನ್ನೂ ಒಮ್ಮೆ ಪರೀಕ್ಷೆ ಮಾಡಿ. ಬಿಚ್ಚಿ ಕುದಿಯೋ ನೀರಲ್ಲಿ ತುದಿ ಅದ್ದಿದ್ರೆ ಇಲ್ಲಿ 210 ಹತ್ರ ತೋರಿಸ್ಬೇಕು. ಬೆಂಗಳೂರಿನ ಎತ್ತರಕ್ಕೆ ಇನ್ನೂ ಮೂರ್ನಾಲ್ಕು ಡಿಗ್ರಿ ಕಮ್ಮಿ. ಕಿಂಡಿ ಎಷ್ಟು ಮುಚ್ಚಿದ್ರೂ ಇಳೀತಿಲ್ಲ ಅಂದ್ರೆ ಮುಚ್ಚಳದ ಅಂಚಿನ ಪಟ್ಟಿ ಸವೆದಿರಬಹುದು. ಒಲೆ ತಣ್ಣಗಿದ್ದಾಗ ಒಂದು ಡಾಲರ್ ನೋಟು ಅಂಚಲ್ಲಿಟ್ಟು ಮುಚ್ಚಳ ಹಾಕಿ ಎಳೀರಿ. ಸಲೀಸಾಗಿ ಜಾರಿ ಬಂದ್ರೆ ಅಲ್ಲಿಂದ ಕಳ್ಳಗಾಳಿ ಹೋಗ್ತಿದೆ ಅಂತ ಲೆಕ್ಕ, ಪಟ್ಟಿ ಬದಲಾಯಿಸಿ.

ನೋಡಿ, ಮಾತಾಡ್ತಾ ಮಾತಾಡ್ತಾ 330ಕ್ಕೆ ಬಂತು. ಮಳೆ ಬರೋ ಹಾಗಿದೆ, ಆದ್ರೆ ಇದನ್ನ ಗ್ಯಾರೇಜಿಗೆ ತಳ್ಬೇಡಿ ದಯವಿಟ್ಟು. ಇದ್ದಿಲ ಹೊಗೆ ಕಾಣದೆಯೂ ಕೊಲ್ಲುತ್ತೆ. ಮುಚ್ಚಳ ಹಾಕಿದ್ರೆ ಹೊರಗಿನ ಮಳೆಗೆ ಇದಕ್ಕೇನೂ ಆಗಲ್ಲ, ನೀವು ಛತ್ರಿ ಹಿಡ್ಕೊಳ್ಳಿ. ಊಟ ಆದ್ಮೇಲೆ ಎರಡೂ ಕಡೆ ಪೂರ್ತಿ ಮುಚ್ಚಿಬಿಡಿ, ಆಗ ಅದೇ ಸರಿ. ಉಳಿದ ಇದ್ದಿಲು ಆರಿಕೊಂಡು ಮುಂದಿನ ಸಲಕ್ಕೆ ಬರುತ್ತೆ, ಕೆದಕಿ ಬೂದಿ ಉದುರಿಸಿದ್ರೆ ಸಾಕು. ಆ ಬೂದಿಯನ್ನ ಪ್ಲಾಸ್ಟಿಕ್ ಡಬ್ಬಕ್ಕೆ ಸುರೀಬೇಡಿ, ಎರಡನೇ ದಿನವೂ ಒಳಗೆ ಕಿಡಿ ಇರಬಹುದು. ನಮ್ಮಲ್ಲಿ ಮುಚ್ಚಳದ ತಗಡಿನ ಬಕೆಟ್ ಒಂದಿದೆ, ಇರಿ, ತಂದ್ಕೊಡ್ತೀನಿ.