ಪೆಂಡಿಂಗಣ್ಣ

ಪೆಂಡಿಂಗಣ್ಣನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಯ ಆಸುಪಾಸಿನ ಯಾವ ಟೀ ಅಂಗಡಿಯಲ್ಲಿ ಒಬ್ಬ ಮಾತಾಡುತ್ತ ಐವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೋ, ಆ ಒಬ್ಬನೇ ಅವನು. ಮಾಲೂರಿನ ಇಟ್ಟಿಗೆ ಗೂಡುಗಳ ಹತ್ತಿರ, ಮುಳಬಾಗಿಲಿನಲ್ಲಿ ದೋಸೆಗೆ ಕಾಯುವವರ ನಡುವೆ, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಅವನ ಅಣ್ಣತಮ್ಮಂದಿರಿದ್ದಾರೆ. ಅಂಗಿ ಬೇರೆ, ಮಾತು ಒಂದೇ. ಮೊದಲು ಚೀಟಿ ನಡೆಸುತ್ತಿದ್ದ. ನರಸಾಪುರಕ್ಕೆ ಕಾರ್ಖಾನೆಗಳು ಬಂದಾಗ ಸೈಟು ತೋರಿಸಿದ. ಈಗ ಮೊನೆರೊ ಎಂಬ ಕ್ರಿಪ್ಟೊ ನಾಣ್ಯ.

"ಬಿಟ್‌ಕಾಯಿನ್ ಲೆಕ್ಕ ಊರಿಗೆಲ್ಲ ಕಾಣ್ತದೆ ಅಣ್ಣ. ನಮ್ದು ಕೋಲಾರಮ್ಮನ ಗುಡಿ ನೆಲದಾಗಿನ ಹುಂಡಿ ಇದ್ದಂಗೆ. ಯಾರು ಎಷ್ಟು ಹಾಕಿದ್ರೋ ಅಮ್ಮನಿಗೇ ಗೊತ್ತು!"

ಮಾತು ಪೂರ್ತಿ ಸುಳ್ಳಲ್ಲ. 2014ರಲ್ಲಿ ಶುರುವಾದ ಈ ನಾಣ್ಯದಲ್ಲಿ ಕಳಿಸುವವನ ಮೊತ್ತದ ಜೊತೆಗೆ ಬೇರೆಯವರ ಹದಿನೈದು ಹಳೇ ಮೊತ್ತಗಳನ್ನು ಬೆರೆಸಿಬಿಡುತ್ತಾರೆ. ಹದಿನಾರರಲ್ಲಿ ಅಸಲಿ ಯಾವುದೆಂದು ಹೊರಗಿನವರಿಗೆ ತಿಳಿಯದು. ಗುಟ್ಟು ಅಷ್ಟು ಭದ್ರ. ಆದರೆ ತನ್ನ ಹತ್ತಿರ ಎಷ್ಟಿದೆ, ಯಾವಾಗ ಕೊಂಡೆ, ಹೆಂಡತಿಗೆ ಏನೆಂದು ಹೇಳಿದ್ದೇನೆ, ಇಷ್ಟನ್ನೂ ಟೀ ಬರುವ ಮೊದಲೇ ಹೇಳಿ ಮುಗಿಸಿರುತ್ತಾನೆ.

2025ರ ಜುಲೈ ಅವನ ಸುಗ್ಗಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ರಾಜ್ಯದ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ನಮ್ಮ ಟೀ ಅಂಗಡಿಯವನೂ ಒಂದು ಅಂಟಿಸಿದ. ಪೆಂಡಿಂಗಣ್ಣ ಎದ್ದು ನಿಂತ. "ಇದಕ್ಕೇ ಹೇಳಿದ್ದು, ಮೊನೆರೊ ತಗೊಳ್ಳಿ ಅಂತ!" ಇಂಥ ನಾಣ್ಯಗಳ ಲಾಭಕ್ಕೆ 2022ರ ಏಪ್ರಿಲ್‌ನಿಂದಲೇ ಶೇ 30 ತೆರಿಗೆ ಇದೆ ಎಂಬುದನ್ನು ಮಾತ್ರ ನುಂಗಿಕೊಂಡ.

"ಆಯ್ತಣ್ಣ, ನಿನ್ನ ಹಳೇ ಬಾಕಿ ನೂರಿಪ್ಪತ್ತು ಐತೆ. ಅದ್ರಲ್ಲೇ ಕೊಡು," ಎಂದ ಅಂಗಡಿಯವ.

ಪೆಂಡಿಂಗಣ್ಣ ವ್ಯಾಲೆಟ್ ತೆರೆದ. ಬ್ಯಾಲೆನ್ಸ್ ಸೊನ್ನೆ. "ಆರ್‌ಬಿಐ ಬ್ಲಾಕ್ ಮಾಡೈತೆ!" ಎಂದ. ಆರ್‌ಬಿಐಗೆ ಬೇರೆ ಕೆಲಸವಿದೆ. ಇಲ್ಲಿ ಯಾವ ವಹಿವಾಟಿನ ಮೇಲೂ ಪಡೆಯುವವನ ವಿಳಾಸ ಬರೆದಿರುವುದಿಲ್ಲ. ತಿಂಗಳುಗಟ್ಟಲೆ ತೆರೆಯದ ವ್ಯಾಲೆಟ್ಟು ಅಷ್ಟೂ ದಿನದ ವಹಿವಾಟುಗಳನ್ನು ಒಂದೊಂದಾಗಿ ತನ್ನ ಕೀಲಿಯಿಂದ ತಟ್ಟಿ, "ಇದು ನಮ್ಮದಾ?" ಎಂದು ನೋಡಬೇಕು. ಗುಟ್ಟು ಎಷ್ಟೆಂದರೆ, ಯಜಮಾನನಿಗೂ ತಡವಾಗಿ ತಿಳಿಯುತ್ತದೆ.

ಈ ಹುಡುಕಾಟ, ಅಂದರೆ ಸಿಂಕ್, ಮುಗಿಯಿತು. ದುಡ್ಡು ಕಂಡಿತು. ಕಂಡದ್ದೇ ತಡ, "ನೋಡ್ರಪ್ಪ, ಹೆಂಗೆ ಹೋಗ್ತದೆ" ಎಂದು ಪಕ್ಕದಲ್ಲಿ ಕೂತ ಬಾಮೈದನ ಫೋನಿಗೆ ಹತ್ತು ರೂಪಾಯಿಯಷ್ಟು ಕಳಿಸಿದ. ಹೋಯಿತು. ಆಮೇಲೆ ಅಂಗಡಿಯವನ ನೂರಿಪ್ಪತ್ತು. ಹೋಗಲಿಲ್ಲ.

"ಚೀನಾದವರ ಕೈವಾಡ!"

ಕೈವಾಡ ಅವನದೇ. ಅವನಲ್ಲಿದ್ದದ್ದು ಒಂದೇ ಇಡಿಗಂಟು. ಹತ್ತು ರೂಪಾಯಿ ಕಳಿಸಲು ಗಂಟು ಪೂರ್ತಿ ಖರ್ಚಾಗಿ, ಮಿಕ್ಕದ್ದು ಚಿಲ್ಲರೆಯಾಗಿ ಅವನಿಗೇ ವಾಪಸು ಬರುತ್ತದೆ. ಆ ಚಿಲ್ಲರೆ ಹತ್ತು ಬ್ಲಾಕ್, ಅಂದರೆ ಲೆಕ್ಕದ ಹತ್ತು ಪುಟ, ದಾಟುವವರೆಗೆ ಬೀಗದಲ್ಲಿರುತ್ತದೆ. ಬ್ಲಾಕಿಗೆ ಸುಮಾರು ಎರಡು ನಿಮಿಷ, ಒಟ್ಟು ಇಪ್ಪತ್ತು.

ಮುಂಗಾರಿಗೆ ತಿಂಗಳುಗಟ್ಟಲೆ ಕಾಯುವ ಜಿಲ್ಲೆ ನಮ್ಮದು. ಇಪ್ಪತ್ತು ನಿಮಿಷ ಎಷ್ಟರದು? ಎರಡು ಟೀ ತರಿಸಿ ಕೂತ. ಆ ಹೊತ್ತಿಗೆ ಮಾಲೂರಿನ ತಮ್ಮ ಫೋನ್ ಮಾಡಿದ. ಯಾರದೋ 'ನೋಡ್', ಅಂದರೆ ಲೆಕ್ಕ ಇಟ್ಟುಕೊಂಡ ಕಂಪ್ಯೂಟರ್, ನಂಬಿಕೊಂಡಿದ್ದ, ಅದು ಕೆಟ್ಟು ಕೂತಿದೆ, ಏನೂ ಹೋಗುತ್ತಿಲ್ಲ. ಶ್ರೀನಿವಾಸಪುರದವನದು ಬೇರೆ ಕಥೆ. 2022ರ ಆಗಸ್ಟ್‌ನಲ್ಲಿ ಮೊತ್ತ ಬೆರೆಸುವ ಹನ್ನೊಂದರ ಗುಂಪು ಹದಿನಾರಾದದ್ದು ಅವನ ಹಳೇ ಆ್ಯಪಿಗೆ ತಿಳಿದೇ ಇಲ್ಲ, ಕಳಿಸಿದ್ದೆಲ್ಲ ತಿರಸ್ಕಾರ. ಪೆಂಡಿಂಗಣ್ಣ ಇಬ್ಬರಿಗೂ ಒಂದೇ ಉತ್ತರ ಕೊಟ್ಟ: "ಡೆಲ್ಲಿಯಿಂದ ಒತ್ತಡ ಐತೆ." ಈ ಅನುಮಾನಕ್ಕೆ ಬುಡವೇ ಇಲ್ಲವೆನ್ನಲಾರೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಹಣಕಾಸು ಗುಪ್ತಚರ ಘಟಕ ಒಂಬತ್ತು ವಿದೇಶಿ ಕ್ರಿಪ್ಟೊ ವಿನಿಮಯ ಕೇಂದ್ರಗಳಿಗೆ ನೋಟಿಸ್ ಕೊಟ್ಟಿತ್ತು. 2024ರ ಫೆಬ್ರವರಿಯಲ್ಲಿ ಅವುಗಳಲ್ಲೊಂದಾದ ಬೈನಾನ್ಸ್ ಮೊನೆರೊವನ್ನೇ ಪಟ್ಟಿಯಿಂದ ತೆಗೆಯಿತು. ಆದರೆ ಅದು ಕೊಳ್ಳುವ, ಮಾರುವ ಕಟ್ಟೆಯ ಮಾತು. ಈ ಬೆಂಚಿನಿಂದ ಆ ಗಲ್ಲಾಪೆಟ್ಟಿಗೆಗೆ ಹೋಗುವ ದುಡ್ಡನ್ನು ಡೆಲ್ಲಿ ತಡೆದಿರಲಿಲ್ಲ.

ಇಪ್ಪತ್ತು ನಿಮಿಷ ಕಳೆಯಿತು. "ಬೀಗ ಬಿಟ್ಟೈತಾ ನೋಡಾಣ," ಎಂದು ಪೆಂಡಿಂಗಣ್ಣ ಬಾಮೈದನಿಗೆ ಮತ್ತೆ ಐದು ರೂಪಾಯಿ ಕಳಿಸಿದ. ಬಿಟ್ಟಿತ್ತು. ಮತ್ತೆ ಬಿತ್ತು.

ಬಾಕಿ ಈಗ ನೂರನಲವತ್ತು. "ಬಿಡು ಬಾವ," ಎಂದು ಬಾಮೈದ ಫೋನ್ ಎತ್ತಿದ. ಅಂಗಡಿಯವ ಅತ್ತಿತ್ತ ನೋಡಿ, ಬಿಸ್ಕತ್ತಿನ ಡಬ್ಬಿಗಳ ಹಿಂದೆ ಅಡಗಿಸಿಟ್ಟಿದ್ದ ಕ್ಯೂಆರ್ ಫಲಕವನ್ನು ಹೊರಗೆಳೆದ. ಜೊತೆಗಿದ್ದ ಪುಟ್ಟ ಸ್ಪೀಕರ್ ರಸ್ತೆಯ ಆಚೆ ಟೊಮೆಟೊ ಕ್ರೇಟು ಇಳಿಸುತ್ತಿದ್ದವರಿಗೂ ಕೇಳುವ ಹಾಗೆ ಕೂಗಿತು: "ನೂರ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ."

"ನೋಡಿದ್ರಾ? ಊರಿಗೆಲ್ಲ ಗೊತ್ತಾಯ್ತು!" ಎಂದ ಪೆಂಡಿಂಗಣ್ಣ, ಸ್ಪೀಕರಿಗಿಂತ ಗಟ್ಟಿಯಾಗಿ.